ಬೀಜಕ್ಕೆ ಬಿಟ್ಟ ಅವರೆ

ಆ ಭಾನುವಾರ ನಮ್ಮ ಮನೆಯಲ್ಲಿ ಏನಾಯಿತು ಎಂದು ಯಾರಾದರೂ ಕೇಳಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಬೆಳಿಗ್ಗೆ ಉಪ್ಪಿಟ್ಟು ತಿಂದೆವು. ಜಯಾ ತಲೆಗೆ ಎಣ್ಣೆ ಹಚ್ಚಿಕೊಂಡು, ನನ್ನ ಹಳೆಯ ಸ್ವೆಟರ್ ತೊಟ್ಟು, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕುಳಿತಳು. ಜುಲೈ ತಿಂಗಳು. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ತೆಳು ಅಂಗಿಗಳನ್ನು ಮಾತ್ರ ತುಂಬಿಕೊಂಡು ಬಂದವರೆಲ್ಲ ನೈರೋಬಿಯ ಜುಲೈಯಲ್ಲಿ ನಡುಗುತ್ತಾರೆ. ನಾನೂ ಮೊದಲ ವರ್ಷ ನಡುಗಿದವನೇ. ಮಧ್ಯಾಹ್ನದವರೆಗೂ ಸೂರ್ಯ ಕಾಣಿಸುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳ ಮೇಲೆ ಇಬ್ಬನಿ ಕೂತಿರುತ್ತದೆ.

"ರೀ, ನಲ್ಲಿ ಪಕ್ಕದ ಬಳ್ಳೀದು ಕಿತ್ಕೊಂಡು ಬನ್ನಿ" ಅಂದಳು. "ಕೆಂಪು ಚಿಂದಿ ಕಟ್ಟಿರೋದು ಮಾತ್ರ ಮುಟ್ಟಬೇಡಿ."

"ಗೊತ್ತು ಕಣೇ. ವಾರವಾರ ಹೇಳ್ತೀಯ."

"ವಾರವಾರ ಹೇಳೋದಕ್ಕೇ ಅದಿನ್ನೂ ಅಲ್ಲಿರೋದು."

ನಾನು ಕಿತ್ತು ತಂದೆ. ಇಬ್ಬರೂ ಹಳೆಯ ಪೇಪರ್ ಹಾಸಿಕೊಂಡು ಬಿಡಿಸಿದೆವು. ಒಂದು ಕಾಯಿಯಲ್ಲಿ ಹಸಿರು ಹುಳ ಸಿಕ್ಕಿತು. ಅದನ್ನು ಬೆರಳಲ್ಲಿ ಚಿಮ್ಮಿ ನನ್ನ ಕಾಲ ಮೇಲೆ ಹಾಕಿದಳು. ನಾನು ಹಾರಿಬಿದ್ದೆ. ಮದುವೆಯಾದ ಮೊದಲ ವರ್ಷ ಹಾರಿಬಿದ್ದ ಹಾಗೆಯೇ ಹಾರಿಬಿದ್ದೆ, ಅವಳು ಹಾಗೆಯೇ ನಕ್ಕಳು. ಕಾಳುಗಳನ್ನು ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿ ಮೇಲೆ ತಟ್ಟೆ ಮುಚ್ಚಿದಳು. ಮಾರನೆಯ ದಿನ ಸಿಪ್ಪೆಯಿಂದ ಹಿತುಕಿ ತೆಗೆದರೆ ಹಿತುಕಿದ ಬೇಳೆ. "ನಾಳೆ ಬೇಗ ಬನ್ನಿ, ಹಿತುಕೋಕೆ ಇನ್ನೊಂದು ಜೊತೆ ಕೈ ಬೇಕು" ಅಂದಳು. "ಕಂಪ್ರೆಸರ್ ಕೈಕೊಡಲಿಲ್ಲ ಅಂದ್ರೆ ಬರ್ತೀನಿ" ಅಂದೆ. ಅಷ್ಟೇ. ಅದು ನಮ್ಮ ಮನೆಯ ಕೊನೆಯ ಮಾಮೂಲಿ ದಿನ.

ಈಗ ಒಂದು ವರ್ಷವಾಯಿತು. ಮೊನ್ನೆ ಅಂಗಿಯನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಒಂದು ಕೆಂಪು ಬಟ್ಟೆಯ ಚಿಂದಿ ಸಿಕ್ಕಿತು. ಬೆರಳಗಲ, ಗೇಣುದ್ದ. ಅದು ಸಿಕ್ಕಿದ್ದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಬರೆಯುವವನಲ್ಲ. ಡಿಪ್ಲೊಮಾ ಮಾಡಿದವನು. ಎಂಬಕಸಿಯ ವಿಮಾನ ನಿಲ್ದಾಣದ ಬಳಿ ಒಂದು ದೊಡ್ಡ ಶೀತಲ ಗೋದಾಮಿದೆ. ಯುರೋಪಿಗೆ ಹೋಗುವ ಗುಲಾಬಿ ಹೂಗಳು ವಿಮಾನ ಹತ್ತುವವರೆಗೆ ಅಲ್ಲಿ ತಣ್ಣಗೆ ಮಲಗಿರುತ್ತವೆ. ಅವುಗಳ ನಿದ್ದೆ ಕೆಡದಂತೆ ಯಂತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. "ಲಕ್ಷ ಲಕ್ಷ ಗುಲಾಬಿ ಮಧ್ಯ ಇರ್ತೀರ, ಒಂದು ದಿನ ಒಂದು ಹೂವು ತಂದವರಲ್ಲ" ಎಂದು ಜಯಾ ಆಡಿಕೊಳ್ಳುತ್ತಿದ್ದಳು. ತರಬಹುದಿತ್ತು. ಕಾಂಡ ಮುರಿದವನ್ನು ದಿನವೂ ಬುಟ್ಟಿಗಟ್ಟಲೆ ಎಸೆಯುತ್ತಾರೆ. ಆದರೆ ನಾನು ತರುತ್ತಿದ್ದದ್ದು ಒಡೆದ ಥರ್ಮಕೋಲ್ ಪೆಟ್ಟಿಗೆಗಳನ್ನು, ಅವಳಿಗೆ ಸಸಿ ಹಾಕಲು. ಹೂವಿಗಿಂತ ಪೆಟ್ಟಿಗೆ ಕಂಡಾಗಲೇ ಅವಳ ಮುಖ ಅರಳುತ್ತಿತ್ತು ಎಂದು ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅದು ಪೂರ್ತಿ ನಿಜವೂ ಇರಲಾರದು.

ನೈರೋಬಿಯ ಪಂಗಾನಿಯಲ್ಲಿ ನಮ್ಮದು ಹಳೆಯ ಕಲ್ಲಿನ ಮನೆಯ ಹಿಂಭಾಗ. ಥಿಕಾ ರಸ್ತೆ ಅಗಲವಾದ ಮೇಲೆ ಹಗಲೆಲ್ಲ ವಾಹನಗಳ ಸದ್ದು. ಮನೆಗೂ ಕಾಂಪೌಂಡ್ ಗೋಡೆಗೂ ನಡುವೆ ಒಂದು ಪಟ್ಟಿ ಕೆಂಪು ಮಣ್ಣು, ಎರಡು ಮಂಚ ಅಡ್ಡ ಹಾಕಿದರೆ ಮುಗಿದುಹೋಗುವಷ್ಟು ಅಗಲ. ಅಲ್ಲಿ ಏನಿರಲಿಲ್ಲ ಕೇಳಿ. ದಂಟು, ಬದನೆ, ಎರಡು ಪರಂಗಿ ಗಿಡ, ಮೂಲೆಯಲ್ಲಿ ಬಟರ್ ಫ್ರೂಟ್ ಮರ, ಇಲ್ಲಿಯವರು ದಿನವೂ ತಿನ್ನುವ ಸುಕುಮಾ ಸೊಪ್ಪು. ಆದರೆ ಜಯಾಳ ಜೀವ ಇದ್ದದ್ದು ಅವರೆಯಲ್ಲಿ. ಹುಣಸೂರು ಕಡೆಯ ಅವಳ ತವರಿನಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹಾಕುತ್ತಿದ್ದ ಹಬ್ಬುವ ನಾಟಿ ಅವರೆ ಅದು. ಬಿಳಿ ಹೂವು, ತಿಳಿ ಕಂದು ಬಣ್ಣದ ಬೀಜ. ಅವಳ ಅವ್ವ ಸೆರಗಿನ ತುದಿಗೆ ಗಂಟು ಹಾಕಿಟ್ಟುಕೊಂಡು, ನಾವು ಹೊರಡುವ ದಿನ ಬಿಚ್ಚಿಕೊಟ್ಟ ಒಂದು ಹಿಡಿ. ಆಮೇಲಿನ ವರ್ಷ ಆ ಅವ್ವ ಹೋದರು.

ನನಗೂ ತೋಟಕ್ಕೂ ಇದ್ದ ಸಂಬಂಧ ಅಷ್ಟಕ್ಕಷ್ಟೆ. ಒಮ್ಮೆ ಅವಳಿಗೆ ಜ್ವರ ಬಂದಾಗ, ಸಹಾಯ ಮಾಡೋಣವೆಂದು ಬೆಳಿಗ್ಗೆಯೆಲ್ಲ ಕೂತು ಕಳೆ ಕಿತ್ತೆ. ಅಚ್ಚುಕಟ್ಟಾಗಿ ಕಿತ್ತೆ. ಅವಳು ಕಂಬಳಿ ಹೊದ್ದುಕೊಂಡೇ ಬಂದು ನೋಡಿ, ಕಿತ್ತ ರಾಶಿಯಿಂದ ಒಂದು ದಂಟು ಎತ್ತಿ ಹಿಡಿದಳು. ಆಮೇಲೆ, "ದಂಟೆಲ್ಲ ಕಿತ್ತು ಕಳೆ ಉಳಿಸಿದೀರಲ್ಲ, ಈ ಕಳೇದೇ ಪಲ್ಯ ಮಾಡ್ಲಾ?" ಎಂದು ಕೇಳಿದಳು. ಇನ್ನೊಮ್ಮೆ ನನ್ನ ವಿದ್ಯೆ ತೋರಿಸಲು ಹೋದೆ. ಅವರೆಗೆ ಸೊಗಡು ಬರುವುದು ಚಳಿಗೆ. ಎಷ್ಟು ಡಿಗ್ರಿಗೆ ಬರುತ್ತದೆ ನೋಡಿಬಿಡೋಣ ಎಂದು ಗೋದಾಮಿನ ಥರ್ಮಾಮೀಟರ್ ತಂದು ಬಳ್ಳಿಗೆ ಕಟ್ಟಿದೆ. ಬೆಳಿಗ್ಗೆ ಹೋಗಿ "ಹನ್ನೊಂದು!" ಎಂದು ಕೂಗಿದೆ. ಅವಳು ಒಂದು ಕಾಯಿ ಕಿತ್ತು ಉಜ್ಜಿ ಮೂಸಿ, "ಇನ್ನೂ ಒಂದು ವಾರ ಬೇಕು. ನಿಮ್ಮ ಮೀಟರಿಗೆ ನೆಗಡಿ" ಅಂದಳು. ನಮ್ಮೂರಲ್ಲಿ ಸೊಗಡು ಬರುವುದು ಪುಷ್ಯ ಮಾಸದಲ್ಲಿ. ಇಲ್ಲಿ ಜುಲೈಯಲ್ಲಿ. ಅದೇ ಬೀಜ ಪಂಚಾಂಗ ಮರೆತು ಇಲ್ಲಿಯ ಚಳಿಗೆ ಹೊಂದಿಕೊಂಡದ್ದು ಅವಳಿಗೆ ದೊಡ್ಡ ಸಮಾಧಾನ. "ನಮ್ಮಿಬ್ಬರಿಗಿಂತ ಇದೇ ಬೇಗ ಒಗ್ಗಿತು ನೋಡಿ" ಅನ್ನುತ್ತಿದ್ದಳು.

ಸಿಪ್ಪೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಅವಳ ಊರಿನಲ್ಲಿ ಅವರೆಕಾಯಿ ಬಿಡಿಸಿದ ಸಿಪ್ಪೆಯನ್ನು ಬೀದಿಗೆ ಚೆಲ್ಲುತ್ತಿದ್ದರಂತೆ. ಓಡಾಡುವವರು ತುಳಿದಷ್ಟೂ ಘಮ ಏಳುತ್ತದೆ, ಈ ಮನೆಯಲ್ಲಿ ಇವತ್ತು ಅವರೆಕಾಳಿನ ಸಾರು ಎಂದು ಕೇರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಬಂದ ಮೊದಲ ಬೆಳೆಗೆ ಜಯಾ ಸಡಗರದಿಂದ ಸಿಪ್ಪೆಯನ್ನು ಗೇಟಿನ ಆಚೆ ಚೆಲ್ಲಿ ಬಂದಳು. ಗೇಟಿನ ಎದುರಿಗೇ ಮಾಮಾ ವಂಬುಯಿಯ ತರಕಾರಿ ಅಂಗಡಿ. ತಗಡು, ನಾಲ್ಕು ಕಂಬ, ಒಂದು ಹಲಗೆ. ಆಕೆ ಪೊರಕೆ ಹಿಡಿದು ಬಂದೇಬಿಟ್ಟರು. ನನ್ನ ಅಂಗಡಿ ಮುಂದೆ ಕಸ ಹಾಕುತ್ತೀಯಾ, ನನ್ನ ಹತ್ತಿರ ತರಕಾರಿ ಕೊಳ್ಳದೆ ಒಳಗೇ ಬೆಳೆದುಕೊಂಡದ್ದು ಸಾಲದಾ, ಎಂದು ಸ್ವಾಹಿಲಿಯಲ್ಲಿ ಜೋರು ಮಾಡಿದರು. ಜಯಾಳಿಗೆ ಆಗ ಗೊತ್ತಿದ್ದದ್ದು ಇಪ್ಪತ್ತು ಸ್ವಾಹಿಲಿ ಮಾತು. ಉಳಿದದ್ದನ್ನು ಕನ್ನಡದಲ್ಲಿ ಹೇಳಿ, ಆಕೆಯ ಕೈ ಹಿಡಿದು ಒಳಗೆ ಕರೆತಂದು ಬಳ್ಳಿ ತೋರಿಸಿದಳು. ಮಾಮಾ ವಂಬುಯಿ ಎಲೆ ಮುಟ್ಟಿ ನೋಡಿ, ಕೋಪ ಬಿಟ್ಟು ಹೇಳಿದರು: "ಇದು ನ್ಜಾಹಿ! ಈ ಮನೆಯಲ್ಲಿ ಯಾರಿಗೆ ಹೆರಿಗೆಯಾಗಿದೆ?"

ನ್ಜಾಹಿ ಎಂದರೆ ಅವರೆಯ ಜಾತಿಯದೇ ಕಾಳು, ಕಪ್ಪು ಬಣ್ಣದ್ದು, ನೇರಳೆ ಹೂವಿನದು. ಇಲ್ಲಿಯ ಕಿಕುಯು ಜನ ಬಾಣಂತಿಯರಿಗೆ ಅದನ್ನು ಬೇಯಿಸಿ ಕೊಡುತ್ತಾರೆ. ನಮಗೆ ಮಕ್ಕಳಾಗಲಿಲ್ಲ. ಜಯಾ "ಬಳ್ಳಿಗೇ ಹೆರಿಗೆ" ಎಂದು ಕೈಸನ್ನೆಯಲ್ಲಿ ತೋರಿಸಿ ನಕ್ಕಳು. ಇಲ್ಲಿ ಹೆಂಗಸನ್ನು ಮಕ್ಕಳ ಹೆಸರಿನಿಂದಲೇ ಕರೆಯುವುದು ರೂಢಿ. ವಂಬುಯಿಯ ತಾಯಿ ಮಾಮಾ ವಂಬುಯಿ. ನಮ್ಮನ್ನು ಏನೆಂದು ಕರೆಯುವುದು ಎಂದು ಆಕೆ ಅಷ್ಟು ದಿನ ಒದ್ದಾಡಿದ್ದರೇನೋ. ಅವತ್ತಿನಿಂದ ಜಯಾ ಮಾಮಾ ನ್ಜಾಹಿ ಆದಳು, ನಾನು ಬಾಬಾ ನ್ಜಾಹಿ ಆದೆ. ಕಾಳಿನ ಅಪ್ಪ. ಗೋದಾಮಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ಆ ಹೆಸರು ಇಷ್ಟವಾಗಿತ್ತು.

ಇನ್ನು ಕೆಂಪು ಚಿಂದಿ. ಬಳ್ಳಿ ಕಾಯಿ ಹಿಡಿಯಲು ಶುರುವಾದಾಗ, ಬುಡದ ಹತ್ತಿರದ ತುಂಬು ಕಾಯಿಗಳನ್ನು ಆರಿಸಿ ಜಯಾ ಗುರುತಿಗೆ ಚಿಂದಿ ಕಟ್ಟುತ್ತಿದ್ದಳು. ಅವು ಬೀಜಕ್ಕೆ ಬಿಟ್ಟವು. ಬಳ್ಳಿಯಲ್ಲೇ ಬಲಿತು ಒಣಗಿ ಗಲಗಲ ಅನ್ನುವವರೆಗೆ ಯಾರೂ ಮುಟ್ಟುವಂತಿಲ್ಲ. ಮನೆಗೆ ಯಾರೇ ಬರಲಿ, ಸಾರಿಗೆ ಕಾಳು ಕಡಿಮೆಯೇ ಬೀಳಲಿ, ಅವು ಬಳ್ಳಿಯವು, ನಮ್ಮವಲ್ಲ. ಅವಳ ಅವ್ವ ಹಾಗೆ ಮಾಡುತ್ತಿದ್ದರು, ಅವ್ವನ ಅತ್ತೆಯೂ ಹಾಗೇ ಮಾಡುತ್ತಿದ್ದರಂತೆ.

ಚಿಂದಿ ಬಂದದ್ದು ರವಿಕೆ ಕಣದಿಂದ. ಅರಿಶಿನ ಕುಂಕುಮಕ್ಕೆ ಹೋದವರಿಗೆ ಕೊಡುವ ಈ ಕಣವನ್ನು ನೈರೋಬಿಯಲ್ಲಿ ಯಾರೂ ಹೊಲಿಸಿದ್ದನ್ನು ನಾನು ಕಂಡಿಲ್ಲ. ಬಂದದ್ದನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಒಂದು ಸಲ ವರಮಹಾಲಕ್ಷ್ಮಿ ಹಬ್ಬಕ್ಕೆ ರುಂಡಾ ಬಡಾವಣೆಯಲ್ಲಿರುವ ಗೆಳತಿ ಮಂಜುಳಾಗೆ ನಾವು ಕೊಟ್ಟ ಕೆಂಪು ಕಣ, ಗೌರಿ ಹಬ್ಬಕ್ಕೆ ಬೇರೊಬ್ಬರ ಕೈಯಿಂದ ನಮ್ಮ ಮನೆಗೇ ವಾಪಸ್ಸು ಬಂತು. ಮೂಲೆಯಲ್ಲಿ ನಮ್ಮ ಮನೆಯ ಅರಿಶಿನದ ಕಲೆ ಹಾಗೇ ಇತ್ತು. "ಪಾಪ, ತಿರುಗಿ ತಿರುಗಿ ಸುಸ್ತಾಗಿದೆ. ಇನ್ನು ಬಳ್ಳೀಲಿ ಕೂತ್ಕೊಳ್ಳಲಿ" ಎಂದು ಜಯಾ ಅವತ್ತೇ ಅದನ್ನು ಪರ್ರನೆ ಹರಿದಳು.

ಭಾನುವಾರದ ಮಾರನೆಯ ದಿನ ನಾನು ಎಂದಿನಂತೆ ಮಟಾಟು ವ್ಯಾನ್ ಹತ್ತಿ ಕೆಲಸಕ್ಕೆ ಹೋದೆ. ಹತ್ತು ಗಂಟೆಯ ಹೊತ್ತಿಗೆ ಗೇಟಿನ ಕೆಳಗಿನಿಂದ ನೀರು ಹರಿದು ಮಾಮಾ ವಂಬುಯಿಯ ಅಂಗಡಿಯ ಹತ್ತಿರ ಬಂತಂತೆ. ಪಂಗಾನಿಯಲ್ಲಿ ನೀರು ವಾರಕ್ಕೆ ಮೂರು ದಿನ. ಅಕ್ಕಿ ತೊಳೆದ ನೀರನ್ನೂ ಗಿಡಕ್ಕೆ ಹಾಕುವ ಮಾಮಾ ನ್ಜಾಹಿ ಹೀಗೆ ನಲ್ಲಿ ಬಿಟ್ಟು ಹೋಗುವವಳಲ್ಲ ಎಂದು ಆಕೆ ಒಳಗೆ ಓಡಿಬಂದರು. ಜಯಾ ನಲ್ಲಿಯ ಬಳಿ ಬಿದ್ದಿದ್ದಳು. ತಲೆಯೊಳಗೆ ರಕ್ತನಾಳ ಒಡೆದಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಾನು ತಲುಪಿದಾಗ ಉಸಿರಿತ್ತು, ಮಾತಿರಲಿಲ್ಲ. ಸಂಜೆಗೆ ಉಸಿರೂ ಇರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಗೋದಾಮಿನವರು ಎರಡು ಪೆಟ್ಟಿಗೆ ಗುಲಾಬಿ ಹೊತ್ತು ತಂದರು. ಬಿಳಿಯವು, ಉದ್ದ ಕಾಂಡದವು, ಎಲ್ಲಕ್ಕಿಂತ ಒಳ್ಳೆಯವು. ಕೊನೆಗೂ ಹೂವು ಬಂತಲ್ಲ ಅಂದುಕೊಂಡೆ.

ಮೂರನೆಯ ದಿನ ಅಡುಗೆಮನೆಗೆ ಹೋದರೆ ಆ ಸ್ಟೀಲ್ ಪಾತ್ರೆ ತೊಳೆದು ಬೋರಲು ಹಾಕಿತ್ತು. ಮಂಜುಳಾ ಪ್ರತಿ ದಿನ ರುಂಡಾದಿಂದ ಕಾರಿನಲ್ಲಿ ಊಟ ತರುತ್ತಿದ್ದಳು. ಬೆಂಗಳೂರಿನ ಹುಡುಗಿ, ಗಂಡ ಫೋನ್ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಜಯಾ ಅಂದರೆ ಪ್ರಾಣ. "ಅಣ್ಣಾ, ಅದ್ರಲ್ಲಿ ಏನೋ ನೆನೆಸಿಟ್ಟಿದ್ರು, ಫುಲ್ ಸ್ಮೆಲ್ ಬಂದ್ಬಿಟ್ಟಿತ್ತು. ನಾನೇ ಗುಂಡಿಗೆ ಹಾಕ್ದೆ" ಅಂದಳು. ಒಳ್ಳೆಯದು ಮಾಡಿದೆ ಅಮ್ಮ, ಅಂದೆ. ಆಮೇಲೆ ಯಾರೂ ಇಲ್ಲದಾಗ ಹೋಗಿ ಗೊಬ್ಬರದ ಗುಂಡಿ ಕೆದಕಿ ನೋಡಿದೆ. ಯಾಕೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಹನ್ನೊಂದನೆಯ ದಿನ ಎಡೆ ಇಡಬೇಕು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಬಡಿಸಿ, ಕಾಗೆ ಮುಟ್ಟಿದ ಮೇಲೆ ಉಳಿದವರು ಉಣ್ಣುವುದು. ಜಯಾಳಿಗೆ ಇಷ್ಟವಾದದ್ದು ಏನು ಎಂದು ಮಂಜುಳಾ ಕೇಳಿದಾಗ ನಾನು ಯೋಚಿಸಲೇ ಇಲ್ಲ. ಹಿತುಕಿದ ಬೇಳೆ ಸಾರು ಅಂದೆ. ಹತ್ತನೆಯ ದಿನ ಸಂಜೆ ಬುಟ್ಟಿ ಹಿಡಿದು ಹಿತ್ತಲಿಗೆ ಹೋದೆ. ಹತ್ತು ದಿನ ನೀರು ಕಾಣದ ತೋಟ. ಬದನೆ ತಲೆ ಬಾಗಿಸಿತ್ತು. ಅವರೆ ಬಳ್ಳಿಯ ಎಲೆಯೆಲ್ಲ ಹಳದಿ, ತುದಿಯ ಕಾಯಿಗಳಿಗೆ ಹುಳ. ಎಷ್ಟು ಹುಡುಕಿದರೂ ಎರಡು ಮುಷ್ಟಿಗಿಂತ ಹೆಚ್ಚು ಸಿಗಲಿಲ್ಲ. ಬುಡದಲ್ಲಿ ಕೆಂಪು ಚಿಂದಿ ಕಟ್ಟಿದ ಗೊಂಚಲುಗಳು ಮಾತ್ರ ತುಂಬಿಕೊಂಡು ನಿಂತಿದ್ದವು.

ನಾನು ನಿಂತು ನೋಡಿದೆ. ಮರೆತು ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಆದರೆ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಜಯಾ ಬೀಜ ಇಡುತ್ತಿದ್ದ ಡಬ್ಬಿ ಇತ್ತಲ್ಲ, ಹುಳ ಹಿಡಿಯದಂತೆ ಬೂದಿ ಬೆರೆಸಿ ಇಟ್ಟಿದ್ದು. ಹೋದ ವರ್ಷದ್ದು ಅದರಲ್ಲಿ ಇದ್ದೇ ಇರುತ್ತದೆ ಅಂದುಕೊಂಡೆ. ಅವಳಿಗೆ ಬಡಿಸುವುದಕ್ಕೇ ತಾನೆ, ಅವಳದ್ದೇ ತಾನೆ ಅಂದುಕೊಂಡೆ. ಗಂಟು ಬಿಚ್ಚಿ ಬಿಚ್ಚಿ ಚಿಂದಿಗಳನ್ನು ಜೇಬಿಗೆ ಹಾಕಿಕೊಂಡು ಎಲ್ಲವನ್ನೂ ಕಿತ್ತೆ.

ಬೆಳಿಗ್ಗೆ ಮಂಜುಳಾ, ನಾನು ಕೂತು ಹಿತುಕಿದೆವು. "ಅಣ್ಣಾ, ಇವು ತುಂಬ ಬಲಿತುಬಿಟ್ಟಿವೆ, ಸಿಪ್ಪೇನೇ ಬರ್ತಿಲ್ಲ" ಅಂದಳು. "ಪರವಾಗಿಲ್ಲ ಅಮ್ಮ, ಉಗುರಲ್ಲಿ ತೆಗಿ" ಅಂದೆ.

ಇಲ್ಲಿಯ ಕಾಗೆಗಳು ನಮ್ಮ ಕಾಗೆಗಳಂತಲ್ಲ. ಮೈಯೆಲ್ಲ ಕಪ್ಪು, ಎದೆ ಮಾತ್ರ ಬಿಳಿ. ಅವ್ವನ ತಿಥಿಗೆ ಎಡೆ ಇಟ್ಟ ವರ್ಷ ಜಯಾ ಅನುಮಾನಪಟ್ಟಿದ್ದಳು: "ಬನಿಯನ್ ಹಾಕ್ಕೊಂಡಿರೋ ಈ ಕಾಗೆಗೆ ಕೊಟ್ರೆ ನಮ್ಮವ್ವಂಗೆ ತಲುಪುತ್ತಾ? ಅಡ್ರೆಸ್ ಗೊತ್ತಿರುತ್ತಾ ಇದಕ್ಕೆ?" ಈಗ ಅವಳದೇ ಎಲೆಯನ್ನು ಗೋಡೆಯ ಮೇಲಿಟ್ಟು ನಾವು ಕಾದೆವು. ಬನಿಯನ್ ಕಾಗೆಯೊಂದು ಬಟರ್ ಫ್ರೂಟ್ ಮರದಲ್ಲಿ ಕೂತು ಅತ್ತಿತ್ತ ನೋಡುತ್ತಿತ್ತು, ಇಳಿಯಲಿಲ್ಲ. ಮಂಜುಳಾಳ ಮಗಳು ಅಮ್ಮನ ಚೂಡಿದಾರ್ ಎಳೆದು, "ವೈ ಆರ್ ವಿ ವೇಟಿಂಗ್ ಫಾರ್ ಎ ಕ್ರೋ?" ಎಂದು ಕೇಳಿತು. "ಜಯಾ ಆಂಟಿಗೆ ಊಟ, ಸುಮ್ನಿರು ಪುಟ್ಟಿ." ಅರ್ಧ ಗಂಟೆಯಾಯಿತು. ಮಂಜುಳಾಳ ಗಂಡ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಏನೋ ಮನಸ್ಸಲ್ಲಿ ಇಟ್ಕೊಂಡಿರ್ತಾರೆ ಸಾರ್. ನೀವು ಬಾಯಿಬಿಟ್ಟು ಹೇಳಿ, ನಾನು ನಡೆಸ್ತೀನಿ ಅಂತ. ನಮ್ಮ ತಾತಂಗೂ ಹೀಗೇ ಆಗಿತ್ತು."

ಹೋದವರಿಗೆ ಏನಾದರೂ ಆಸೆ ಉಳಿದಿದ್ದರೆ ಕಾಗೆ ಮುಟ್ಟುವುದಿಲ್ಲ ಎಂದು ನಾನೂ ಚಿಕ್ಕಂದಿನಿಂದ ಕೇಳಿದ್ದೇನೆ. ನನಗೆ ಬೇರೆ ಏನೂ ಹೊಳೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ, "ತೋಟ ನೋಡ್ಕೋತೀನಿ ಜಯಾ. ಅವರೆ ಬಿಡಲ್ಲ, ವರ್ಷಾ ವರ್ಷಾ ಹಾಕ್ತೀನಿ" ಅಂದೆ. ಕಾಗೆ ಇಳಿದು ಬಂತು. ಅನ್ನ ಬಿಟ್ಟು, ಹೋಳಿಗೆ ಬಿಟ್ಟು, ಎಲೆಯ ತುದಿಯಲ್ಲಿದ್ದ ಹಿತುಕಿದ ಬೇಳೆಯನ್ನೇ ಕೊಕ್ಕಿನಲ್ಲಿ ತುಂಬಿಕೊಂಡು ಹಾರಿತು. ಎಲ್ಲರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಸಾರು ಚೆನ್ನಾಗಿತ್ತು. ಎರಡು ಸಲ ಹಾಕಿಸಿಕೊಂಡೆ.

ಡಬ್ಬಿ ತೆಗೆದದ್ದು ಸೆಪ್ಟೆಂಬರಿನಲ್ಲಿ, ಇರುವೆ ಬಂದಿದೆ ಎಂದು ಶೆಲ್ಫ್ ಒರೆಸುವಾಗ. ಹಗುರವಾಗಿತ್ತು. ಮುಚ್ಚಳ ತೆಗೆದರೆ ಬೂದಿ. ಕೈ ಹಾಕಿ ಜಾಲಾಡಿದೆ. ಪೇಪರ್ ಹಾಸಿ ಸುರಿದು ಜರಡಿ ಹಿಡಿದೆ. ಬೂದಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಪ್ರತಿ ವರ್ಷ ಇದ್ದದ್ದನ್ನೆಲ್ಲ ಬಿತ್ತುತ್ತಿದ್ದಳು. ಮುಂದಿನದು ಬಳ್ಳಿಯ ಮೇಲೆ ಚಿಂದಿ ಕಟ್ಟಿಕೊಂಡು ಇರುತ್ತಿತ್ತು. ಅಷ್ಟು ವರ್ಷ ಅದೇ ಮನೆಯಲ್ಲಿ ಉಂಡವನಿಗೆ ಇದು ಗೊತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಬೂದಿಯ ಮುಂದೆ ಕೂತೇ ಇದ್ದೆ. ಅವಳು ಹೋದ ದಿನ ನನಗೆ ಅಳು ಬಂದಿರಲಿಲ್ಲ. ಅವತ್ತು ಬಂತು.

ಊರಿಗೆ ಫೋನ್ ಮಾಡಿ ಅವಳ ತಮ್ಮನನ್ನು ಕೇಳಿದೆ. "ಅಯ್ಯೋ ಭಾವ, ಆ ಅವರೆ ಈಗ ಯಾರು ಹಾಕ್ತಾರೆ? ಹೊಲಕ್ಕೆಲ್ಲ ಶುಂಠಿ ಬಂದು ಎಷ್ಟು ವರ್ಷ ಆಯ್ತು. ಅಂಗಡೀಲಿ ಹೈಬ್ರಿಡ್ ಬೀಜ ಸಿಗುತ್ತೆ, ಯಾರಾದ್ರೂ ಬರೋರ ಕೈಲಿ ಕಳಿಸ್ಲಾ?" ಬೇಡಪ್ಪ, ಅಂದೆ. ಹುಡುಗ, "ಅಕ್ಕ ಹಾಕ್ತಿದ್ಲಲ್ಲ ಭಾವ, ಅಲ್ಲೇ ಇರ್ಬೇಕಲ್ವಾ?" ಎಂದು ಕೇಳಿದ. ಸಿಗ್ನಲ್ ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಉಳಿದದ್ದು ಒಂದೇ ದಾರಿ. ಹಿಂದೊಂದು ವರ್ಷ ಜಯಾ ಒಂದು ಹಿಡಿ ಬೀಜವನ್ನು ಮಾಮಾ ವಂಬುಯಿಗೆ ಕೊಟ್ಟಿದ್ದಳು. ಆಕೆಗೆ ಕಿಯಾಂಬು ಕಡೆ ಒಂದು ತುಂಡು ಹೊಲವಿದೆ, ನಾದಿನಿ ನೋಡಿಕೊಳ್ಳುತ್ತಾಳೆ. ಅಂಗಡಿಯ ಮುಂದೆ ಹೋಗಿ ನಿಂತೆ. ನಾಲ್ಕು ಟೊಮೇಟೊ ಆರಿಸಿದೆ. ಮತ್ತೆ ಕೆಳಗಿಟ್ಟೆ. ಆಕೆ ಸುಕುಮಾ ಸೊಪ್ಪು ಹೆಚ್ಚುತ್ತಲೇ, "ಏನು ಬೇಕು ಬಾಬಾ ನ್ಜಾಹಿ? ಟೊಮೇಟೊ ಅಲ್ಲ ಅಂತ ನನಗೆ ಕಾಣುತ್ತಿದೆ" ಅಂದರು. ಎಲ್ಲ ಹೇಳಿದೆ. ನನ್ನ ಹರಕು ಸ್ವಾಹಿಲಿಯಲ್ಲಿ ಎಡೆ, ಕಾಗೆ, ಕೆಂಪು ಚಿಂದಿ, ಬೂದಿ, ಎಲ್ಲ. ಆಕೆ ಚಾಕು ಕೆಳಗಿಟ್ಟು ಕೇಳಿದರು. ಆಮೇಲೆ ತಲೆಯಾಡಿಸಿ, "ಪೋಲೆ, ಪೋಲೆ ಸಾನಾ" ಅಂದರು. ಸಾವಿಗೂ ಅದೇ ಮಾತು, ಕಾಲು ಎಡವಿದರೂ ಅದೇ ಮಾತು ಇಲ್ಲಿ. "ಆ ಬಣ್ಣವಿಲ್ಲದ ನ್ಜಾಹಿಯನ್ನು ನಾವು ಒಂದು ಸಲ ಹಾಕಿ, ಬೆಳೆದದ್ದನ್ನೆಲ್ಲ ಬೇಯಿಸಿ ತಿಂದುಬಿಟ್ಟೆವು. ಮಗಳ ಬಾಣಂತನಕ್ಕೆ. ಹಾಲು ಚೆನ್ನಾಗಿ ಬಂತು, ಅದನ್ನು ಮಾಮಾ ನ್ಜಾಹಿಗೆ ಹೇಳಿದ್ದೆ, ಎಷ್ಟು ನಕ್ಕಳು." ಚಾಕು ಮತ್ತೆ ಎತ್ತಿಕೊಂಡು, "ಬೇಲಿಯಲ್ಲಿ ತಾನಾಗಿ ಹುಟ್ಟಿದ್ದು ಏನಾದರೂ ಇದೆಯೋ ನಾದಿನಿಯನ್ನು ಕೇಳುತ್ತೇನೆ" ಅಂದರು.

ತಿಂಗಳುಗಟ್ಟಲೆ ಸುದ್ದಿಯಿಲ್ಲ. ನಾನೂ ಕೇಳಲಿಲ್ಲ; ಕೇಳಿದರೆ ಇಲ್ಲ ಎನ್ನಬಹುದಲ್ಲ. ಬೆಳಿಗ್ಗೆ ದಿನವೂ ಬರಿ ಮಣ್ಣಿಗೆ ನೀರು ಹಾಕುತ್ತಿದ್ದೆ. ಅದನ್ನು ಕಂಡು ಮಂಜುಳಾ, "ಅಣ್ಣಾ, ಊರಿಗೆ ಹೋಗಿ ಸ್ವಲ್ಪ ದಿನ ಚೇಂಜ್ ತಗೊಳ್ಳಿ" ಎಂದಳು. ಊರಲ್ಲಿ ಯಾರ ಮನೆಯ ಯಾವ ಕೋಣೆಯಲ್ಲಿ ಚೇಂಜ್ ತೆಗೆದುಕೊಳ್ಳುವುದು ನನಗೆ ತಿಳಿಯಲಿಲ್ಲ.

ಮಾರ್ಚಿನಲ್ಲಿ ದೊಡ್ಡ ಮಳೆಗೆ ಮೋಡ ಕಟ್ಟಿದಾಗ, ಒಂದು ಸಂಜೆ ಮಾಮಾ ವಂಬುಯಿ ಗೇಟಿನ ಒಳಗೆ ಬಂದು ಪೇಪರಿನ ಪೊಟ್ಟಣ ಕೈಗಿಟ್ಟರು. ಬೇಲಿಯ ಸಂದಿಯಲ್ಲಿ ನಾದಿನಿ ಬಡಿದು ತೆಗೆದದ್ದು. ಒಂದು ಹಿಡಿಯೂ ಇರಲಿಲ್ಲ. ಕಪ್ಪು, ಕಂದು, ಚುಕ್ಕೆ, ಎಲ್ಲ ಬೆರೆತಿದ್ದವು. "ಯಾವುದು ನಿಮ್ಮದು, ಯಾವುದು ನಮ್ಮದು ನನಗೆ ಗೊತ್ತಾಗುವುದಿಲ್ಲ. ಅವು ಒಂದೇ ಬೇಲಿಯಲ್ಲಿ ಮಲಗಿದ್ದವು" ಎಂದು ನಕ್ಕರು. ಅಸಾಂಟೆ ಎಂದು ಅವರ ಭಾಷೆಯಲ್ಲೇ ಥ್ಯಾಂಕ್ಸ್ ಹೇಳಲು ಪೊಟ್ಟಣದಿಂದ ತಲೆ ಎತ್ತಿದೆ. ಆಕೆ ಕಾಯದೆ ಹೊರಟುಹೋದರು.

ಎಲ್ಲವನ್ನೂ ಹಾಕಿದೆ. ಎಲ್ಲವೂ ಮೊಳೆಯಿತು. ಈ ಸಲ ಒಂದು ಎಲೆಯನ್ನೂ ಕೀಳಲಿಲ್ಲ, ಕಳೆಯನ್ನೂ ಕೂಡ. ಯಾವುದು ಕಳೆ ಎಂದು ಹೇಳುವವರಿಲ್ಲ. ಹುಲ್ಲು, ಅವರೆ ಒಟ್ಟಿಗೇ ಎದ್ದು ಬಂದವು. ಮಾಮಾ ವಂಬುಯಿ ಗೇಟಿನಿಂದ ಇಣುಕಿ, "ಮೇಕೆ ಸಾಕುತ್ತೀಯಾ?" ಎಂದು ಕೇಳಿದರು. ಜೂನಿನಲ್ಲಿ ಹೂವು ಬರತೊಡಗಿದವು. ನೇರಳೆ. ಇನ್ನೊಂದು ಬಳ್ಳಿ, ಅದೂ ನೇರಳೆ. ಬೆಳಿಗ್ಗೆ ಟೀ ಲೋಟ ಹಿಡಿದು ಒಂದೊಂದೇ ಬಳ್ಳಿಯ ಮುಂದೆ ನಿಲ್ಲುತ್ತಿದ್ದೆ, ಫಲಿತಾಂಶದ ಬೋರ್ಡಿನ ಮುಂದೆ ನಿಂತ ದಡ್ಡ ಹುಡುಗನ ಹಾಗೆ. ಎಲ್ಲ ನೇರಳೆ. ನಲ್ಲಿಯ ಪಕ್ಕದ ಒಂದು ಮಾತ್ರ ತಡ ಮಾಡುತ್ತಿತ್ತು. ಅದು ಅರಳಿದ ದಿನ ಕೆಲಸಕ್ಕೆ ಒಂದು ಗಂಟೆ ತಡವಾಗಿ ಹೋದೆ. ಬಿಳಿ ಹೂವು.

ಒಂದೇ ಬಳ್ಳಿ. ಜುಲೈ ಬಂತು, ಕಾಯಿ ತುಂಬಿದವು. ಥರ್ಮಾಮೀಟರ್ ತರಲಿಲ್ಲ. ಒಂದು ಕಾಯಿಯನ್ನು ಬೆರಳಲ್ಲಿ ಉಜ್ಜಿ ಮೂಸಿದೆ. ಸೊಗಡು ಇತ್ತು. ನನ್ನ ಮೂಗನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಆದರೂ ಇತ್ತು.

ಜೇಬಿನಲ್ಲಿ ಸಿಕ್ಕಿದ ಆ ಚಿಂದಿ ಎಡೆಯ ಹಿಂದಿನ ಸಂಜೆ ನಾನೇ ಬಿಚ್ಚಿಕೊಂಡದ್ದು. ಒಂದು ವರ್ಷ ಆ ಅಂಗಿ ತೊಟ್ಟಿರಲಿಲ್ಲ; ಉಳಿದ ಚಿಂದಿಗಳು ಎಲ್ಲಿ ಬಿದ್ದವೋ ಗೊತ್ತಿಲ್ಲ. ಇವತ್ತು ಭಾನುವಾರ. ಬೆಳಿಗ್ಗೆ ಹೋಗಿ ಬುಡದ ಹತ್ತಿರದ ತುಂಬು ಗೊಂಚಲು ಆರಿಸಿ ಅದೇ ಚಿಂದಿಯನ್ನು ಕಟ್ಟಿದೆ. ಗಂಟು ಅವಳು ಹಾಕುವಂತೆ ಬರಲಿಲ್ಲ, ಎರಡು ಸಲ ಬಿಚ್ಚಿ ಮತ್ತೆ ಹಾಕಿದೆ. ಮೇಲಿನ ಕಾಯಿ ನಾಲ್ಕನ್ನು ಕಿತ್ತು, ಮೆಟ್ಟಿಲ ಮೇಲೆ ಕೂತು ಬಿಡಿಸಿ, ಸ್ಟೀಲ್ ಪಾತ್ರೆಯಲ್ಲಿ ನೆನೆಹಾಕಿ ತಟ್ಟೆ ಮುಚ್ಚಿದ್ದೇನೆ. ನಾಳೆ ಹಿತುಕಲು ಒಂದು ಜೊತೆ ಕೈ ಸಾಕು, ಅಷ್ಟೇ ಇದೆ. ಸಿಪ್ಪೆಯನ್ನು ಗೇಟಿನ ಆಚೆ ಚೆಲ್ಲಿ ಬಂದೆ. ಮಾಮಾ ವಂಬುಯಿ ನೋಡಿದರು, ಪೊರಕೆ ತೆಗೆಯಲಿಲ್ಲ.

ಬಳ್ಳಿ ಇದೆ. ಬೀಜಕ್ಕೆ ಬಿಟ್ಟದ್ದೂ ಇದೆ. ಕಾಯಿ ಕೀಳುವಾಗ ಸ್ವಲ್ಪ ಹೊತ್ತು ಕೈ ತಡೆದು ನಿಂತಿದ್ದೆ. ಮುಟ್ಟಬೇಡಿ ಎಂದು ಮನೆಯೊಳಗಿಂದ ಯಾರೂ ಹೇಳಲಿಲ್ಲ.